ತೊಟ್ಟಿ ಮನೆಯ ಜೀರ್ಣೋದ್ಧಾರ

ಕಳೆದ ವರ್ಷ ಯುಗಾದಿಯ ಮರುದಿನ ಊರಿನ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಜಗಳವಾಯಿತು. ಜಗಳ ಅನ್ನುವಷ್ಟು ದೊಡ್ಡದೇನಲ್ಲ, ಯಾರೂ ದನಿ ಏರಿಸಲಿಲ್ಲ. ಆದರೆ ಆಮೇಲೆ ಎರಡು ದಿನ ದೊಡ್ಡಮ್ಮ ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ಕಾಫಿ ಲೋಟವನ್ನು ಮೊಮ್ಮಗಳ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು.

ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುವವನು, ಹದಿಮೂರು ವರ್ಷ ಬೆಂಗಳೂರಿನಲ್ಲಿದ್ದು ಈಗ ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ ಊರಿಗೆ ಬಂದು ನೆಲೆಸುವ ತೀರ್ಮಾನ ಮಾಡಿದ್ದ. ಅವನದು ಎಲ್ಲಿಂದ ಬೇಕಾದರೂ ಮಾಡಬಹುದಾದ ಕಂಪ್ಯೂಟರ್ ಕೆಲಸ. ಊರು ಅಂದರೆ ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಈಗ ಉಳಿದಿರುವ ಎರಡೇ ಎರಡು ತೊಟ್ಟಿ ಮನೆಗಳಲ್ಲಿ ನಮ್ಮದೊಂದು. ಪೇಟೆಯ ಇಂಜಿನಿಯರ್ ಒಬ್ಬರು ನಕ್ಷೆ ಬರೆದುಕೊಟ್ಟಿದ್ದರು: ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಹೊದಿಕೆ, ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ನೆಲಕ್ಕೆಲ್ಲ ವಿಟ್ರಿಫೈಡ್ ಟೈಲ್ಸ್, ಅಟ್ಟದ ಅರ್ಧಭಾಗ ಅಣ್ಣನ ಆಫೀಸು, ಹಿಂಬದಿಯ ಸಣ್ಣ ಕೋಣೆ ಬಾತ್‌ರೂಮು. ನಾನು ನಕ್ಷೆ ನೋಡಿ, "ಇದು ಮನೆಯನ್ನ ಉಳಿಸೋದಲ್ಲ, ಕೊಲ್ಲೋದು" ಅಂದುಬಿಟ್ಟೆ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಿದ್ದವರು ತಲೆ ಎತ್ತದೆಯೇ ಹೇಳಿದರು: "ನಿಂಗೆ ಮನೆ ಉಳೀಬೇಕು. ನಂಗೆ ಮಂಡಿ ಉಳೀಬೇಕು."

ನನ್ನ ಪಿಎಚ್‌ಡಿ ವಿಷಯ ಸ್ಮಾರಕಗಳ ಸಂರಕ್ಷಣೆಯ ಹಿಂದಿರುವ ನೈತಿಕ ವಾದಗಳು. ನಾಲ್ಕು ವರ್ಷದಿಂದ ಮೈಸೂರಿನಲ್ಲಿ ಕೂತು ಹಳೆಯದನ್ನು ಯಾಕೆ ಉಳಿಸಬೇಕು ಎಂಬ ಬಗ್ಗೆ ಓದುತ್ತಿದ್ದೇನೆ, ಟಿಪ್ಪಣಿ ಮಾಡುತ್ತಿದ್ದೇನೆ. ಅವರೆಕಾಯಿ ಸುಲಿಯುತ್ತಾ ಬಂದ ಈ ಒಂದು ಮಾತಿಗೆ ಉತ್ತರ ಕೊಡಲು ಆ ಟಿಪ್ಪಣಿಗಳಲ್ಲಿ ಏನೂ ಇರಲಿಲ್ಲ.

ಮನೆಯನ್ನು ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಬೀದಿಗೆ ಉದ್ದನೆಯ ಜಗಲಿ. ಬಗ್ಗಿಯೇ ದಾಟಬೇಕಾದ ಹೆಬ್ಬಾಗಿಲು, ಅದಕ್ಕೊಂದು ಮೊಣಕಾಲೆತ್ತರದ ಹೊಸ್ತಿಲು. ಒಳಗೆ ನಾಲ್ಕು ಕಡೆ ಪಡಸಾಲೆ, ನಡುವೆ ತಗ್ಗಾದ ಚೌಕ, ಅದರ ಮೇಲೆ ಬರಿಯ ಆಕಾಶ. ನಾಲ್ಕು ದಿಕ್ಕಿನ ಮಾಡಿನ ಮಳೆನೀರು ಒಳಮುಖವಾಗಿ ಇಳಿದು ಆ ಚೌಕಕ್ಕೆ ಬೀಳುತ್ತದೆ, ಅದಕ್ಕೇ ಅದು ತೊಟ್ಟಿ. ಬೇಸಿಗೆಯಲ್ಲಿ ಒಳಗಿನ ಬಿಸಿಗಾಳಿ ಅಲ್ಲಿಂದಲೇ ಮೇಲೇರಿ ಹೋಗುತ್ತದೆ. ಮಣ್ಣಿನ ಗೋಡೆಗಳು ಎರಡಡಿ ದಪ್ಪ. ಕಂಬಗಳು ಹೊನ್ನೆ ಮರದವು, ಮಕ್ಕಳು ತಬ್ಬಿ ಸುತ್ತಿ ಸುತ್ತಿ ನಡುಭಾಗ ಕನ್ನಡಿಯ ಹಾಗೆ ಹೊಳೆಯುತ್ತದೆ. ಹಿಂದೆ ಕತ್ತಲ ಅಡುಗೆಮನೆ, ಬಚ್ಚಲು, ಇನ್ನೂ ಹಿಂದೆ ಹಿತ್ತಿಲಿಗೆ ಬಾಗಿಲಿರುವ ಒಂದು ಸಣ್ಣ ಕೋಣೆ. ಆ ಕೋಣೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ವಾಸ್ತುಶಿಲ್ಪದ ಪುಸ್ತಕದಲ್ಲಿ ಒಂದು ಕಠಿಣವಾದ ವಾದವಿದೆ. ಹಳೆಯ ಕಟ್ಟಡಗಳು ನಮ್ಮವಲ್ಲ. ಒಂದು ಪಾಲು ಕಟ್ಟಿದವರದು, ಇನ್ನೊಂದು ಪಾಲು ಮುಂದೆ ಹುಟ್ಟುವವರದು. ನಡುವೆ ಬಂದ ನಮಗೆ ಅವನ್ನು ಮುಟ್ಟುವ ಹಕ್ಕಿಲ್ಲ. ಸಂಶೋಧನೆಯ ಮೊದಲ ವರ್ಷ ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಇದೇ ವಾದದ ಬೆನ್ನಿಗೆ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘವನ್ನೇ ಕಟ್ಟಿದ. ಅವರ ಸಿಟ್ಟು ನ್ಯಾಯವಾದದ್ದೇ. ಹಳೆಯ ಇಗರ್ಜಿಗಳನ್ನು 'ಸರಿಪಡಿಸುವ' ಹೆಸರಿನಲ್ಲಿ ಕೆರೆದು ಹೊಸದು ಮಾಡುತ್ತಿದ್ದ ಕಾಲ ಅದು. ಆದರೆ ಇಗರ್ಜಿಯಲ್ಲಿ ಯಾರೂ ರಾತ್ರಿ ಎದ್ದು ಬಚ್ಚಲಿಗೆ ಹೋಗುವುದಿಲ್ಲ. ಸತ್ತವರ ಪಾಲು ಮತ್ತು ಹುಟ್ಟದವರ ಪಾಲು ಎರಡನ್ನೂ ಲೆಕ್ಕ ಹಾಕಿದ ರಸ್ಕಿನ್, ಒಳಗೆ ಬದುಕಿರುವವರ ಪಾಲಿನ ವಿಷಯದಲ್ಲಿ ಸ್ವಲ್ಪ ಜಿಪುಣನಾದ ಎಂದು ಈಗ ಅನ್ನಿಸುತ್ತದೆ.

ನಮ್ಮಲ್ಲಿ ಇದಕ್ಕೆ ಬೇರೆಯೇ ಒಂದು ಪದವಿದೆ, ಜೀರ್ಣೋದ್ಧಾರ. ದೇವಸ್ಥಾನಗಳ ಮುಂದಿನ ಬ್ಯಾನರುಗಳಲ್ಲಿ ನೋಡಿ ನೋಡಿ ಸವೆದ ಪದ. ದೇವಾಲಯ ಜೀರ್ಣೋದ್ಧಾರವಾಗುವಾಗ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ತಂದು ಬಾಲಾಲಯದಲ್ಲಿ ಇಡುತ್ತಾರೆ, ಕಲ್ಲು ಮರ ಬದಲಾಯಿಸಿದ ಮೇಲೆ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನೇ ಬದಲಾಯಿಸುವ ನವಕಳೇಬರ 2015ರಲ್ಲಿ ನಡೆಯಿತು. ಜಪಾನಿನ ಇಸೆ ದೇಗುಲವನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸದಾಗಿ ಕಟ್ಟುತ್ತಾರೆ, ಕೊನೆಯ ಬಾರಿ ಕಟ್ಟಿದ್ದು 2013ರಲ್ಲಿ. ಮರ ಹಳೆಯದಾಗಿರಬೇಕು ಎಂಬ ಹಟ ಅಲ್ಲಿಲ್ಲ. 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರು, 'ಅಸಲಿ' ಎನ್ನುವುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ತೂಗಬೇಕು ಎಂದು ದಾಖಲೆ ಬರೆದದ್ದಕ್ಕೆ ಇಂಥ ಮರದ ಗುಡಿಗಳೂ ಒಂದು ಕಾರಣ.

ಜೀರ್ಣ ಎಂಬ ಪದದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಳತಾಗಿ ಶಿಥಿಲವಾದದ್ದೂ ಜೀರ್ಣ, ಉಂಡದ್ದು ಅರಗಿದರೂ ಜೀರ್ಣ. ಮನೆಯೊಂದು ನೂರು ವರ್ಷದಲ್ಲಿ ಎಷ್ಟು ಜನರನ್ನು ಅರಗಿಸಿಕೊಂಡಿರುತ್ತದೆ! ಉದ್ಧಾರವನ್ನಂತೂ ನಮ್ಮ ಕಡೆ ಬೈಯುವುದಕ್ಕೇ ಹೆಚ್ಚು ಬಳಸುತ್ತೇವೆ. "ಉದ್ಧಾರ ಆದಂಗೇ ಇದೆ" ಎಂದು ಅಪ್ಪ ಆ ನಕ್ಷೆ ನೋಡಿ ಹೇಳಿದ್ದು ಆ ಅರ್ಥದಲ್ಲೇ.

ನಾನು ಕಾಪಾಡಲು ಹೊರಟಿದ್ದ ಅಸಲಿ ಮನೆ ಯಾವುದು? ನನ್ನ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿ. ಟೈಲ್ಸ್ ಬೇಡ, ಈ ಕೆಂಪು ನೆಲವೇ ಇರಲಿ ಎಂದು ನಾನು ಹಟ ಹಿಡಿದಾಗ ಅಪ್ಪ ನಕ್ಕರು. ರೆಡ್ ಆಕ್ಸೈಡ್ ನೆಲ ಹಾಕಿಸಿದ್ದು ಅವರು ಹೈಸ್ಕೂಲಿನಲ್ಲಿದ್ದಾಗ. ಅದಕ್ಕೆ ಮೊದಲು ಇದ್ದದ್ದು ಸಗಣಿ ಸಾರಿಸಿದ ನೆಲ. ಆ ಕೆಂಪು ನೆಲದ ಅಡಿಯಲ್ಲಿರುವುದು ನಾನು ಬೈಯುತ್ತಿದ್ದ ಅದೇ ಸಿಮೆಂಟು. ಮಾಡಿನ ಹೆಂಚು? ಮುತ್ತಜ್ಜನ ಕಾಲದಲ್ಲಿ ಕುಂಬಾರರು ಮಾಡುತ್ತಿದ್ದ ನಾಡಹೆಂಚು ತೆಗೆಸಿ ಮಂಗಳೂರು ಹೆಂಚು ಹಾಕಿಸಿದರಂತೆ. ಆ ಹೆಂಚಿನ ಮೂಲ 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆ. ಇವತ್ತು 'ಪಾರಂಪರಿಕ' ಎಂದು ರೆಸಾರ್ಟುಗಳು ಹೊದೆಯುವ ಹೆಂಚು ಒಂದು ಕಾಲದ ಹೊಚ್ಚ ಹೊಸ ಯಂತ್ರೋದ್ಯಮದ ಸರಕು. ಹೆಂಚು ಬದಲಾಯಿಸಿದ ದಿನ ಮುತ್ತಜ್ಜನಿಗೂ ಯಾರೋ ಇದು ಮನೆ ಕೊಲ್ಲುವ ಕೆಲಸ ಅಂದಿರಬಹುದು. ನನ್ನ 'ಅಸಲಿ ಮನೆ' ಎಂದರೆ ನಾನು ಏಳೆಂಟು ವರ್ಷದವಳಿದ್ದಾಗ ಬೇಸಿಗೆ ರಜೆಗೆ ಬಂದು ನೋಡಿದ ಮನೆ, ಅಷ್ಟೇ.

ಹಾಗೆಂದು ಎಲ್ಲ ಬದಲಾವಣೆಯೂ ಒಂದೇ ಎಂದು ಕೈಚೆಲ್ಲುವ ಹಾಗೂ ಇರಲಿಲ್ಲ. ನಾನು ಹುಟ್ಟುವುದಕ್ಕೆ ಮುಂಚೆ ಚಿಕ್ಕಪ್ಪ ಹೊರಗೋಡೆಗಳಿಗೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಒಳ್ಳೆಯ ಉದ್ದೇಶದಿಂದಲೇ, ಗಟ್ಟಿಯಾಗಲಿ ಎಂದು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ, ಬಿಸಿಲಿಗೆ ಹೊರಬಿಡುತ್ತದೆ. ಹೊರಗೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಜೊತೆಗೆ ಬಂದ ಉಪ್ಪು ಬಿಳಿ ಹೂವಿನ ಹಾಗೆ ಮೇಲೆ ಒಸರುತ್ತದೆ. ಉತ್ತರದ ಗೋಡೆ ಸೊಂಟದೆತ್ತರದವರೆಗೆ ಮೆತ್ತಗಾಗಿತ್ತು. ಸಿಮೆಂಟ್ ಚಕ್ಕೆ ಎಬ್ಬಿಸಿದಾಗ ಒಳಗಿನ ಮಣ್ಣು ಹಿಟ್ಟಿನ ಹಾಗೆ ಸುರಿಯಿತು.

ಪಕ್ಕದ ಊರಿನ ಮುದುಕ ಗಾರೆ ಕೆಲಸದವರೊಬ್ಬರು ಆ ಗೋಡೆಯನ್ನು ಉಳಿಸಿಕೊಟ್ಟರು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಅರಳಿಸಿಟ್ಟು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಗಾರೆ ಕಲಸಿದರು. ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ, ಆದರೆ ತೇವ ಹಾದುಹೋಗುವಷ್ಟು ಉಸಿರನ್ನು ಉಳಿಸಿಕೊಳ್ಳುತ್ತದೆ. ಅಣ್ಣ ದಿನಗೂಲಿಯ ಲೆಕ್ಕ ಹಾಕಿ ಚಡಪಡಿಸುತ್ತಿದ್ದ. ಆ ಅಜ್ಜ ಮಾತ್ರ, "ಗೋಡೆಗೆ ಅರ್ಜೆಂಟಿಲ್ಲ, ನಿಮ್ಗೆ ಅರ್ಜೆಂಟು" ಎಂದು ಬೀಡಿ ಹಚ್ಚುತ್ತಿದ್ದರು. ಗಾರೆ ವಿಷಯದಲ್ಲಿ ನಾನು ಗೆದ್ದೆ. ಅದು ನೈತಿಕ ಗೆಲುವೇನೂ ಅಲ್ಲ. ಸಿಮೆಂಟಿಗಿಂತ ಸುಣ್ಣ ಆ ಗೋಡೆಗೆ ಒಗ್ಗುತ್ತಿತ್ತು, ಅಷ್ಟೆ.

ತೊಟ್ಟಿಯೂ ಹಾಗೆಯೇ ಉಳಿಯಿತು. ಅದು ಉಳಿದದ್ದೂ ನನ್ನ ವಾದದಿಂದಲ್ಲ. ಪಾಲಿಕಾರ್ಬೊನೇಟ್ ಹಾಕಿದ ಪಕ್ಕದೂರಿನ ಮನೆಗೆ ಏಪ್ರಿಲ್ ಮಧ್ಯಾಹ್ನ ಹೋಗಿಬಂದ ಅತ್ತಿಗೆ, "ಅಲ್ಲಿ ಹಪ್ಪಳ ಒಣಗಿಸಬಹುದು, ಮನುಷ್ಯರು ಇರೋಕಾಗಲ್ಲ" ಅಂದಳು. ಕೋತಿಗಳ ಕಾಟಕ್ಕೆ ಮೇಲೆ ಕಬ್ಬಿಣದ ಜಾಲರಿ ಮಾತ್ರ ಬಂತು. ಹಾಸನದ ಕಡೆಯ ಕೋತಿಗಳ ವಿಷಯ ರಸ್ಕಿನ್‌ಗೆ ಗೊತ್ತಿದ್ದರೆ ಅವನೂ ಜಾಲರಿಗೆ ಒಪ್ಪುತ್ತಿದ್ದ.

ಅತ್ತಿಗೆಯ ಬೇಡಿಕೆ ಬೇರೆಯಿತ್ತು, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಳಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಮಾತಾಡಿದರೆ ಹೊರಗೆ ಕೇಳಿಸದ ಒಂದು ಕೋಣೆ ಬೇಕಿತ್ತು. ತೊಟ್ಟಿ ಮನೆಯ ಬಗ್ಗೆ ಬರೆಯುವವರೆಲ್ಲ ಅದರ ತೆರೆದ ಗುಣವನ್ನು ಹೊಗಳುತ್ತೇವೆ. ಒಂದು ಮೂಲೆಯ ಪಿಸುಮಾತು ಇನ್ನೊಂದು ಮೂಲೆಗೆ ಮುಟ್ಟುತ್ತದೆ ಎಂಬುದು ಅತಿಥಿಗೆ ಸೊಗಸು, ಸೊಸೆಗೆ ಅಲ್ಲ. ಹದಿನೆಂಟು ಜನರಿದ್ದ ಕಾಲದಲ್ಲಿ ಆ ಮನೆಯಲ್ಲಿ ಗಂಡ ಹೆಂಡತಿಗೆಂದು ಒಂದು ಕೋಣೆಯಿರಲಿಲ್ಲ. ಗಂಡಸರು ಜಗಲಿ ಮತ್ತು ಪಡಸಾಲೆಯಲ್ಲಿ, ಹೆಂಗಸರು ಮಕ್ಕಳು ನಡುಮನೆಯಲ್ಲಿ. ದೊಡ್ಡಮ್ಮ ಒಮ್ಮೆ ನಗುತ್ತಾ ಹೇಳಿದ್ದರು, ಮದುವೆಯಾದ ಮೊದಲ ವರ್ಷ ದೊಡ್ಡಪ್ಪನ ಜೊತೆ ಅವರು ನೆಮ್ಮದಿಯಾಗಿ ಮಾತಾಡಿದ್ದೆಲ್ಲ ಕಣದಲ್ಲಿ, ರಾಗಿ ತೂರುವಾಗ. ಒಂಟಿಯಾಗಿರುವ ಹಕ್ಕನ್ನು ನಾವು ಪೇಟೆಯ ಖಯಾಲಿ ಎಂದು ತಿಳಿಯುತ್ತೇವೆ. ಕಣದವರೆಗೆ ಹೋಗಬೇಕಾಗಿದ್ದವರನ್ನು ಕೇಳಬೇಕು.

ಈ ಪ್ರಶ್ನೆಯೇ ಏಳದ ಮನೆಗಳೂ ಇವೆ. ಕುಪ್ಪಳಿಯ ಕವಿಮನೆಗೆ ಹೋದವರು ಚಪ್ಪಲಿ ಬಿಟ್ಟು ಒಳಗೆ ನಡೆದು ಬಾಣಂತಿ ಕೋಣೆಯನ್ನು, ಅಡುಗೆಮನೆಯ ಪಾತ್ರೆಗಳನ್ನು ಗೌರವದಿಂದ ನೋಡಿ ಬರುತ್ತೇವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರುಗಳಲ್ಲಿ ಉರುಳಿಬೀಳುವುದರಲ್ಲಿದ್ದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಪಾರಂಪರಿಕ ಗ್ರಾಮವಿದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ 2011ರಲ್ಲಿ ಒಡೆಯುವ ಹಂತಕ್ಕೆ ಬಂದು, ವಿರೋಧದಿಂದ ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇವೆಲ್ಲ ಉಳಿದದ್ದು ಒಳ್ಳೆಯದೇ ಆಯಿತು, ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಯಾರೂ ಅನ್ನ ಬೇಯಿಸುವುದಿಲ್ಲ. ನಾನು ದೊಡ್ಡಮ್ಮನಿಗೆ ಹೇಳುತ್ತಿದ್ದದ್ದು, ಸಂಬಳವಿಲ್ಲದೆ ನೀವು ಈ ಮ್ಯೂಸಿಯಂ ಕಾಯುತ್ತಿರಿ, ನಾನು ಯುಗಾದಿಗೆ ದೀಪಾವಳಿಗೆ ಬಂದು ನೋಡಿಹೋಗುತ್ತೇನೆ ಎಂದು. ನೆಲದ ಮೇಲೆ ಕೂತು ಹೊಗೆ ಊದಿ ಅವರ ಕಣ್ಣು ಹೋಗಿದೆ, ಮಂಡಿ ಹೋಗಿದೆ. ಒಂದು ಸಲ ಆ ಚಂದದ ಹೊಸ್ತಿಲು ಎಡವಿ ಮಣಿಕಟ್ಟು ಮುರಿದಿದೆ. ಕಟ್ಟೆ ಬಂತು, ಮಾಡಿಗೆ ನಾಲ್ಕು ಗಾಜಿನ ಹೆಂಚು ಬಂದವು. ಕೆಲಸ ಮುಗಿದ ದಿನ ದೊಡ್ಡಮ್ಮ ನಿಂತುಕೊಂಡು ಒಗ್ಗರಣೆ ಹಾಕುತ್ತಾ, ಗೋಡೆಯ ಮೂಲೆಯಲ್ಲಿ ಇಷ್ಟು ಜಿರಲೆ ಇದ್ದದ್ದು ಇವತ್ತೇ ಗೊತ್ತಾದದ್ದು ಎಂದರು.

ಈಗ ಆ ಹಿಂಬದಿಯ ಕೋಣೆ.

ಅದಕ್ಕೆ ಮನೆಯಲ್ಲಿ 'ಹೊರಗಿನ ಕೋಣೆ' ಎಂದು ಹೆಸರು. ಒಳಗಿನಿಂದ ಅದಕ್ಕೆ ಬಾಗಿಲಿಲ್ಲ, ಹಿತ್ತಿಲ ಕಡೆಯಿಂದ ಮಾತ್ರ. ಕಿಟಕಿಯಿಲ್ಲ, ಆಳೆತ್ತರದಲ್ಲಿ ಒಂದು ಗವಾಕ್ಷಿ. ತಿಂಗಳಿಗೆ ಮೂರು ದಿನ ಮನೆಯ ಹೆಂಗಸರು ಅಲ್ಲಿರಬೇಕಿತ್ತು. ಹದಿಮೂರನೆಯ ವಯಸ್ಸಿನಲ್ಲಿ ಬೇಸಿಗೆ ರಜೆಯಲ್ಲಿ ನಾನೂ ಒಂದು ರಾತ್ರಿ ಅಲ್ಲಿ ಮಲಗಿದ್ದೇನೆ. ಮರುದಿನ ಅಮ್ಮ ಬಂದು ಜಗಳವಾಡಿ ಕರೆದುಕೊಂಡು ಹೋದಳು. ಗವಾಕ್ಷಿಯಿಂದ ತಟ್ಟೆ ಒಳಗೆ ಜಾರಿ ಬರುತ್ತಿದ್ದ ಸದ್ದು ಈಗಲೂ ನೆನಪಿದೆ.

ಅದನ್ನು ಬಾತ್‌ರೂಮು ಮಾಡುವುದನ್ನು ನಾನು ವಿರೋಧಿಸಿದೆ. ನನ್ನ ವಾದ ಹೀಗಿತ್ತು: ನಾವು ಕೆತ್ತನೆಯ ಬಾಗಿಲನ್ನು, ಹೊಳೆಯುವ ಕಂಬವನ್ನು ಉಳಿಸಿ ಈ ಕೋಣೆಯನ್ನು ಅಳಿಸಿದರೆ ಮನೆ ತನ್ನ ಬಗ್ಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಮುಂದೆ ಅಣ್ಣನ ಮಗಳು ಈ ಮನೆಯನ್ನು ನೋಡಿ, ಆಹಾ ಎಷ್ಟು ಚಂದದ ಕಾಲವಿತ್ತು ಅನ್ನುತ್ತಾಳೆ. ಕೋಣೆ ಸಾಕ್ಷಿ. ಸಾಕ್ಷಿಯನ್ನು ನಾಶ ಮಾಡಬಾರದು.

ಈ ವಾದದಲ್ಲಿ ಈಗಲೂ ನನಗೆ ತಪ್ಪು ಕಾಣುವುದಿಲ್ಲ. ಆದರೆ ದೊಡ್ಡಮ್ಮ ಎರಡು ದಿನದ ಮೌನ ಮುರಿದದ್ದು ಇದನ್ನು ಕೇಳಿದ ಮೇಲೆಯೇ. "ಮೂವತ್ತು ವರ್ಷ ಅಲ್ಲಿ ಮಲಗಿದ್ದು ನಾನು. ನಿನ್ನ ಮೊಮ್ಮಕ್ಕಳಿಗೆ ತೋರಿಸೋಕೆ ಅದು ಇರಬೇಕಾ? ಮೊದ್ಲು ಅದನ್ನೇ ಒಡೀರಿ." ಸ್ವಲ್ಪ ಹೊತ್ತು ಬಿಟ್ಟು, "ಬಿಸಿನೀರಿನ ನಲ್ಲಿ ಅಲ್ಲೇ ಬರಲಿ" ಅಂದರು.

ಸಾಕ್ಷಿ ಯಾರ ಸ್ವತ್ತು? ನೋವು ಉಂಡವರು ಅದರ ಗುರುತನ್ನು ಅಳಿಸಬೇಕು ಎಂದರೆ, ಅದನ್ನು ಉಳಿಸಿ ಎಂದು ಕೇಳಲು ಒಂದೇ ಒಂದು ರಾತ್ರಿ ಮಲಗಿದ ನನಗೆ ಎಷ್ಟು ಅಧಿಕಾರ? ಅಥವಾ, ನೋವು ಉಂಡವರೊಬ್ಬರ ಸಮಾಧಾನಕ್ಕಾಗಿ ಮುಂದಿನವರು ತಿಳಿಯಬೇಕಾದದ್ದನ್ನು ಒಡೆದುಹಾಕಬಹುದೇ? ಇವೆರಡೂ ಪ್ರಶ್ನೆಗಳನ್ನು ಪ್ರಬಂಧದಲ್ಲಿ ಎದುರುಬದುರು ನಿಲ್ಲಿಸಿ ಒಂದು ಅಧ್ಯಾಯ ಬರೆಯಬಹುದು. ಮನೆಯಲ್ಲಿ ಹಾಗಾಗುವುದಿಲ್ಲ, ಪ್ಲಂಬರ್ ಸೋಮವಾರ ಬರುತ್ತಾನೆ. ನಾನು ಆ ಕೋಣೆಯ ನಾಲ್ಕು ಫೋಟೊ ತೆಗೆದುಕೊಂಡು ಸುಮ್ಮನಾದೆ. ನಡುಮನೆಯ ಕಡೆಯಿಂದ ಗೋಡೆ ಒಡೆದು ಬಾಗಿಲಿಟ್ಟರು. ದೊಡ್ಡಮ್ಮ ಆ ದಿನ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ಧೂಳು ಬರುತ್ತದೆ ಎಂದರೂ ಏಳಲಿಲ್ಲ.

ವೈರಿಂಗ್ ಕೆಲಸಕ್ಕೆ ಬಂದ ಹುಡುಗನಿಗೆ ನನ್ನದೇ ವಯಸ್ಸು. ಹಾಸನದಲ್ಲಿ ಐಟಿಐ ಓದಿ ಈಗ ಸುತ್ತ ನಾಲ್ಕು ಹೋಬಳಿಯಲ್ಲಿ ಕೆಲಸ ಹಿಡಿಯುತ್ತಾನೆ. ಅವನ ಅಪ್ಪ, ಅಜ್ಜ ನಮ್ಮ ಹೊಲದಲ್ಲಿ ದುಡಿದವರು. ಅವರ ಕೇರಿಯವರು ಜಗಲಿಯ ಕೆಳಗೆ ನಿಲ್ಲುತ್ತಿದ್ದರು, ಜಗಲಿ ಹತ್ತುತ್ತಿರಲಿಲ್ಲ. ಇವನು ಮೊದಲ ದಿನ ಟೂಲ್ ಬ್ಯಾಗ್ ಹಿಡಿದು ಹೆಬ್ಬಾಗಿಲಲ್ಲಿ ಬಗ್ಗಿ ನೇರ ನಡುಮನೆಗೆ ಬಂದ. ಅವನು ಹಿಂಜರಿಯಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ಚಿಕ್ಕಪ್ಪ ಪೇಪರ್ ಮಡಚಿ ಎದ್ದು ಹಿತ್ತಿಲಿಗೆ ಹೋದರು. ಅಷ್ಟೇ, ಯಾರೂ ಏನೂ ಹೇಳಲಿಲ್ಲ. ನಾನು ಹೇಳಿದ್ದು, "ಕಂಬಕ್ಕೆ ಮಾತ್ರ ಮೊಳೆ ಹೊಡೀಬೇಡಿ, ತುಂಬಾ ಹಳೇದು" ಎಂದು. ಅವನು ಕಂಬದ ಮೇಲೆ ಕೈ ಆಡಿಸಿ ನೋಡಿ, "ನಮ್ಮಪ್ಪ ಈ ಮರ ಕುಯ್ದಿದ್ದು ಯಾರು ಅಂತ ಹೇಳೋರು, ಕಂಬ ನೋಡಿರ್ಲಿಲ್ಲ" ಅಂದ. ಅವನ ಮುತ್ತಜ್ಜ ಮರ ಕೊಯ್ದವರಲ್ಲಿ ಒಬ್ಬರಂತೆ. ರಸ್ಕಿನ್ ಹೇಳಿದ 'ಕಟ್ಟಿದವರ ಪಾಲು' ಎಂಬುದನ್ನು ನಾನು ನಾಲ್ಕು ವರ್ಷದಿಂದ ಮುತ್ತಜ್ಜನ ಹೆಸರಿಗೇ ಬರೆದುಕೊಂಡು ಬಂದಿದ್ದೆ.

ಆ ವಾರವೇ ಮುಂಭಾಗದ ಸೂರಿನ ಹೆಂಚು ಇಳಿಸುವಾಗ ರೀಪಿನ ಸಂದಿಯಲ್ಲಿ ಸಿಕ್ಕಿಸಿದ್ದ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿತು. ಒಂದು ಬದಿ ಚಪ್ಪಟೆಯಾಗಿತ್ತು, ಒಳಗೆ ಜೇಡರ ಬಲೆ. ಅದು ಯಾರಿಗೆ ಕಾಫಿ ಕೊಡುವ ಲೋಟ, ಯಾಕೆ ಅಡುಗೆಮನೆಯಲ್ಲಿರದೆ ಸೂರಿನಲ್ಲಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅಣ್ಣ ಅದನ್ನು ಗುಜರಿ ಚೀಲಕ್ಕೆ ಎಸೆದ. ನಾಚಿಕೆಯಿಂದಲೇ ಎಸೆದ ಎಂದು ನನಗೆ ಅನ್ನಿಸಿತು. ನಾನು ಯಾರೂ ನೋಡದಾಗ ಚೀಲದಿಂದ ತೆಗೆದೆ. ಆದರೆ ಏಣಿಯ ಮೇಲಿದ್ದ ಆ ಹುಡುಗ ನೋಡಿದ.

"ಅದ್ಯಾಕೆ ಎತ್ತಿಟ್ಕೊಂಡ್ರಿ ಅಕ್ಕಾ?"

ದೊಡ್ಡಮ್ಮನಿಗೆ ಹೇಳಿದ ಉತ್ತರವನ್ನೇ ಅವನಿಗೂ ಹೇಳಲು ಹೊರಟೆ, ಸಾಕ್ಷಿ ಎಂದು. ಬಾಯಿಗೆ ಬರಲಿಲ್ಲ. "ಸುಮ್ನೆ" ಅಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಬೇಕಾದರೆ ಇಟ್ಟುಕೊಳ್ಳಿ ಎಂಬ ಹಾಗೆ ತಲೆ ಆಡಿಸಿ, ತೊಲೆಗುಂಟ ಪೈಪು ಎಳೆಯುವ ಕೆಲಸಕ್ಕೆ ತಿರುಗಿದ.

ಲೋಟ ಈಗ ಮೈಸೂರಿನ ನನ್ನ ಹಾಸ್ಟೆಲ್ ಕೋಣೆಯಲ್ಲಿ, ಪುಸ್ತಕಗಳ ಪಕ್ಕದಲ್ಲಿದೆ. ಕೋಣೆಗೆ ಬಂದ ಗೆಳತಿಯೊಬ್ಬಳು ಅದರಲ್ಲಿ ಪೆನ್ನು ಹಾಕಿಡಲು ಹೋದಳು. ಬೇಡ ಅಂದೆ. ಮುಂದಿನ ಸಲ ಊರಿಗೆ ಹೋದಾಗ ಅವನನ್ನೇ ಕೇಳಬೇಕು, ಇದನ್ನು ಏನು ಮಾಡಲಿ ಎಂದು. ಇಷ್ಟರಲ್ಲಿ ಎರಡು ಸಲ ಹೋಗಿ ಬಂದಿದ್ದೇನೆ, ಕೇಳಿಲ್ಲ.